ಹನ್ನೊಂದು ಸಾವಿರ ಓಡಿದ ಮಸ್ಟಾಂಗ್: ತಗೊಳ್ಳೋದೋ, ಬಿಡೋದೋ?

ಒಂದು ಭಾನುವಾರ ಬೆಳಿಗ್ಗೆ ಪುಣೆಯ ಕೋಥ್ರುಡ್‌ನಿಂದ ಅಕ್ಕನ ಮಗನ ಫೋನು ಬಂತು.

"ಮಾಮಾ, ಮುಂಬೈದಾಗ ಒಂದು ಫೋರ್ಡ್ ಮಸ್ಟಾಂಗ್ ಸಿಕ್ಕೈತಿ. 2017ರ ಗಾಡಿ, ಬರೇ ಹನ್ನೊಂದು ಸಾವಿರ ಕಿಲೋಮೀಟರು ಓಡೈತಿ. ಸೂಪರ್‌ಚಾರ್ಜರ್ ಹಾಕಿಸ್ಯಾರ, ಎಕ್ಸಾಸ್ಟ್ ಬದಲಿಸ್ಯಾರ. ಐವತ್ತೆರಡು ಲಕ್ಷ ಕೇಳ್ಯಾರ. ಬಿಡಬಾರದು ಅನಸ್ತೈತಿ."

"ನಿಮ್ಮ ಅವ್ವಗ ಹೇಳೀಯೇನು?"

"ಇನ್ನೂ ಇಲ್ಲ."

ಇಪ್ಪತ್ತೆರಡು ವರ್ಷ ಮುಂಬೈ, ಠಾಣೆ ಕಡೆ ವಿಮೆಯ ಮೋಟಾರ್ ಸರ್ವೇಯರ್ ಆಗಿ ಗುದ್ದಿದ ಕಾರು, ಮುಳುಗಿದ ಕಾರು, ಸುಟ್ಟ ಕಾರು ನೋಡಿದವನು ನಾನು. ಹಾಗಾಗಿ ಇಂಥ ಫೋನು ನನಗೆ ಹೊಸದಲ್ಲ. ಹೋಟೆಲು ಇಟ್ಟ ನಮ್ಮವರ ಮಕ್ಕಳು, ಐಟಿಯಲ್ಲಿ ಕೈತುಂಬ ಗಳಿಸುವ ಡೊಂಬಿವಲಿಯ ಹುಡುಗರು, ಎಲ್ಲರೂ ಒಂದಲ್ಲ ಒಂದು ದಿನ ಇದೇ ಪ್ರಶ್ನೆ ತರುತ್ತಾರೆ. ಹುಡುಗನ ಪಟ್ಟಿಯಲ್ಲಿ ಇನ್ನೂ ನಾಲ್ಕು ಕಾರುಗಳಿದ್ದವು: ಪಿಂಪ್ರಿಯಲ್ಲಿ ಏನೂ ಬದಲಿಸದ, 34 ಸಾವಿರ ಓಡಿದ ಇನ್ನೊಂದು ಮಸ್ಟಾಂಗ್, ಠಾಣೆಯಲ್ಲಿ ಬಿಎಂಡಬ್ಲ್ಯು ಎಂ340ಐ, ಒಂದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245, ಮತ್ತೆ ಗೋವಾದಲ್ಲಿ "ಬಹಳ ಸಸ್ತಾ" ಎಂದು ಯಾರೋ ತೋರಿಸಿದ ಡಾಡ್ಜ್ ಚಾಲೆಂಜರ್. ಐದನ್ನೂ ತೂಗಿ ನೋಡೋಣ. ಆದರೆ ಮೊದಲು ತಕ್ಕಡಿ ಸರಿಯಿರಬೇಕು.

ಓಡದ ಕಾರು ಹೊಸ ಕಾರಲ್ಲ

ಕಡಿಮೆ ಕಿಲೋಮೀಟರು ಎಂದ ಕೂಡಲೇ ನಮ್ಮ ಜನ ಕರಗಿಬಿಡುತ್ತಾರೆ. ನಾನೂ ಕರಗಿದ್ದೆ. ಬಹಳ ವರ್ಷದ ಹಿಂದೆ ಏಳು ವರ್ಷದಲ್ಲಿ ಒಂಬತ್ತು ಸಾವಿರ ಓಡಿದ ಒಂದು ಸೆಡಾನ್ ತಗೊಂಡೆ. ಒಳಗೆ ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ಮೂರನೇ ವಾರ ಖಂಡಾಳಾ ಘಾಟಿನಲ್ಲಿ ಇಳಿಯುವಾಗ ಹಿಂದಿನ ಎಡ ಟೈರಿನ ಮೇಲ್ಪದರ ದೋಸೆ ಎದ್ದ ಹಾಗೆ ಎದ್ದುಬಂತು. ಹೆಂಡತಿ ಪಕ್ಕದಲ್ಲಿ, ಹಿಂದೆ ಲಾರಿ. ಗೀರು ಕೂಡ ಬೀಳದೆ ನಿಂತದ್ದು ನನ್ನ ಜಾಣ್ಮೆಯಿಂದಲ್ಲ. ಆಮೇಲೆ ನೋಡಿದರೆ ಟೈರಿನ ಹೂವು, ಅಂದರೆ ಮೇಲಿನ ಗೀರುಗಳ ಅಚ್ಚು, ಹಾಗೇ ಇತ್ತು, ರಬ್ಬರು ಮಾತ್ರ ಸತ್ತಿತ್ತು.

ಟೈರಿನ ಪಕ್ಕದಲ್ಲಿ ಒಂದು ಸಣ್ಣ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 2217 ಎಂದರೆ 2017ರ 22ನೇ ವಾರದಲ್ಲಿ ಆದ ಟೈರು. ಆರು ವರ್ಷ ದಾಟಿದ್ದರೆ ಹೂವು ಎಷ್ಟೇ ಇರಲಿ, ಅದನ್ನು ಬದಲಿಸುವ ಖರ್ಚು ನಿಮ್ಮದೇ ಎಂದು ಬರೆದುಕೊಳ್ಳಿ. ಟೈರಿನದೇ ಗತಿ ಬುಶ್ಶು, ಸೀಲು, ಹೋಸುಗಳಂಥ ರಬ್ಬರು ಸಾಮಾನಿನದ್ದೂ. ಬ್ರೇಕ್ ಆಯಿಲು ಗಾಳಿಯ ತೇವ ಹೀರುತ್ತದೆ. ಅದಕ್ಕೆ ಕಾರು ಓಡಬೇಕೆಂದೇನೂ ಇಲ್ಲ. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20 ಇಥೆನಾಲು ಇದೆ, ಅದೂ ನೀರು ಎಳೆಯುವ ಸಾಮಾನೇ. ಸಮುದ್ರದ ಉಪ್ಪುಗಾಳಿ ಬಡಿಯುವ ವರ್ಲಿ, ಜುಹೂ ಕಡೆ ವರ್ಷಗಟ್ಟಲೆ ನಿಂತ ಕಾರಿಗಿಂತ ವಾರಕ್ಕೊಮ್ಮೆ ಲೋಣಾವಳಕ್ಕೆ ಹೋಗಿಬಂದ ಕಾರು ಆರೋಗ್ಯವಾಗಿರುತ್ತದೆ. ಬೇಸ್‌ಮೆಂಟಿನ ಇಲಿಗಳಿಗಂತೂ ವೈರಿಂಗ್ ಎಂದರೆ ಹಬ್ಬದೂಟ.

ಆದ್ದರಿಂದ ಕಿಲೋಮೀಟರಿಗೆ ನಾನು ಕೊಡುವ ಅಂಕ ಸ್ವಲ್ಪವೇ. ನಾನು ಕೇಳುವುದು ನಾಲ್ಕು ವಿಷಯ. ಕಾರು ಮತ್ತೆ ಕಂಪನಿಯಿಂದ ಬಂದ ಸ್ಥಿತಿಗೆ ಬರುತ್ತದೆಯೇ? ಕಾಗದ ಏನು ಹೇಳುತ್ತದೆ? ಎಲ್ಲಿ, ಯಾರನ್ನು ಕೂರಿಸಿಕೊಂಡು ಓಡಿಸುತ್ತೀರಿ? ಕೊಂಡ ಮೇಲೆ ಕೈಯಲ್ಲಿ ಎಷ್ಟು ಉಳಿಯುತ್ತದೆ? ಮೊದಲನೆಯದೇ ಎಲ್ಲಕ್ಕಿಂತ ದೊಡ್ಡದು.

"ಹಳೇ ಸಾಮಾನು ಎಲ್ಲಿದೆ?"

ಮಾಡಿಫೈ ಆದ ಕಾರು ಮಾರುವವನಿಗೆ ನಾನು ಹಾಕುವ ಮೊದಲ ಪ್ರಶ್ನೆ ಇದು. ಹಾಕಿದ್ದು ಏನು ಎಂದು ಅವರೇ ಹಾಡಿ ಹೊಗಳುತ್ತಾರೆ; ತೆಗೆದದ್ದು ಎಲ್ಲಿದೆ ಎಂದರೆ ಮಾತು ನಿಲ್ಲುತ್ತದೆ.

ಬೋಲ್ಟು ಬಿಚ್ಚಿದರೆ ಹಿಂದಕ್ಕೆ ಬರುವ ಕೆಲಸವನ್ನು ಕಂಡು ಹೆದರಬೇಕಿಲ್ಲ. ಹಿಂದಿನ ಸೈಲೆನ್ಸರು, ಏರ್ ಫಿಲ್ಟರು, ಕಾರನ್ನು ತಗ್ಗಿಸುವ ಲೋವರಿಂಗ್ ಸ್ಪ್ರಿಂಗು, ಅಲಾಯ್ ವೀಲು ಇವೆಲ್ಲ ಆ ಜಾತಿ. ಆದರೆ ಮೂಲ ಸಾಮಾನು ಡಬ್ಬಿಯಲ್ಲಿ ಇರಬೇಕು. ಮೈಗೆ ಬಣ್ಣದ ಹಾಳೆಯಾಗಿ ಅಂಟಿಸಿದ ರ್‍ಯಾಪ್ ಸುಲಿದು ತೆಗೆಯಬಹುದು, ಆದರೆ ಒಳಗಿನ ಬಣ್ಣ ಮತ್ತು ಆರ್‌ಸಿಯಲ್ಲಿ ಬರೆದ ಬಣ್ಣ ಒಂದೇ ಇರಬೇಕು. ಬಲ ಹೆಚ್ಚಿಸಲು ಇಂಜಿನ್ ಕಂಪ್ಯೂಟರಿನಲ್ಲಿ ತಿದ್ದಿದ ಟ್ಯೂನನ್ನು ಹಿಂದಕ್ಕೆ ಹಾಕಬಹುದು, ಮೂಲ ಫೈಲು ಇದ್ದರೆ. ಇಲ್ಲಿ ಇನ್ನೊಂದು ಮಾತು: 2018ರಲ್ಲಿ ಮಾಡಿದ ಟ್ಯೂನು ಆಗಿನ ಪೆಟ್ರೋಲಿಗೆ ಮಾಡಿದ್ದು. ಇಥೆನಾಲು ಹೆಚ್ಚಿದ ಇಂದಿನ ಪೆಟ್ರೋಲಿಗೆ ಅದನ್ನು ಮತ್ತೆ ನೋಡಿಸಿದ್ದಾರೆಯೇ ಎಂದು ಕೇಳಿ. ಮಾರುವವರ ಮುಖವೇ ಉತ್ತರ ಹೇಳುತ್ತದೆ.

ಸೂಪರ್‌ಚಾರ್ಜರ್ ಬೇರೆ ಕಥೆ. ಅದು ಇಂಜಿನಿನ ತಲೆಯ ಮೇಲೆ ಕೂತು, ಬೆಲ್ಟಿನಿಂದ ತಿರುಗಿ, ಗಾಳಿಯನ್ನು ಒತ್ತಿ ಒಳಗೆ ತುಂಬುವ ಪಂಪು. ಕೂಡಿಸುವಾಗ ಇನ್‌ಟೇಕ್ ತೆಗೆಯುತ್ತಾರೆ, ಸಾಮಾನ್ಯವಾಗಿ ಇಂಜೆಕ್ಟರ್ ಬದಲಿಸುತ್ತಾರೆ, ತಂಪು ಮಾಡಲು ಬೇರೆ ರೇಡಿಯೇಟರ್ ಕೊಡುತ್ತಾರೆ. ತಿರುಗಿ ತೆಗೆಯಬಹುದು, ಆದರೆ ಇಷ್ಟು ವರ್ಷ ಆ ಒತ್ತಡವನ್ನು ಉಂಡ ಪಿಸ್ಟನ್, ಬೇರಿಂಗು, ಗೇರ್‌ಬಾಕ್ಸು ಹೊಸದಾಗುವುದಿಲ್ಲ. ಇನ್ನು ಕಾರಿನ ಮೈ ಅಗಲ ಮಾಡಲು ಫೆಂಡರು ಕತ್ತರಿಸಿ ಹಾಕಿದ ವೈಡ್‌ಬಾಡಿ ಕಿಟ್, ಏರ್‌ಬ್ಯಾಗಿನ ಸ್ಟೀರಿಂಗ್ ತೆಗೆದು ಹಾಕಿದ ರೇಸಿಂಗ್ ಸ್ಟೀರಿಂಗ್ ಕಂಡರೆ ನಾನು ಚಹಾ ಕುಡಿದು ನಮಸ್ಕಾರ ಹೇಳಿ ಬರುತ್ತೇನೆ.

ಕಾಗದದ ಮಾತು ಕಹಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಪುಣೆ ಪೊಲೀಸರು ಗದ್ದಲದ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ್ದು ಪೇಪರಿನಲ್ಲಿ ನೋಡಿದ್ದೀರಿ.

ದಂಡವಾದರೂ ಕಟ್ಟಿ ಮುಗಿಯುತ್ತದೆ. ವಿಮೆಯದು ಹಾಗಲ್ಲ. ತಿಳಿಸದೆ ಮಾಡಿಸಿದ ಬದಲಾವಣೆಯಿಂದ ಬೆಂಕಿ ಹತ್ತಿದರೆ, ಅಪಘಾತವಾದರೆ, ಸರ್ವೇಯರ್ ಮೊದಲು ಬರೆಯುವುದೇ ಅದನ್ನು. ಹಾಗೆ ಬರೆದು ಎಷ್ಟು ಜನರ ಮುಖ ಬಾಡಿಸಿದ್ದೇನೋ, ಲೆಕ್ಕ ಇಟ್ಟಿಲ್ಲ. ಐದು ವರ್ಷ ದಾಟಿದ ಕಾರಿನ ವಿಮಾ ಮೌಲ್ಯವನ್ನು ಮಾತಾಡಿ ಗೊತ್ತುಮಾಡುವುದು. ನೀವು ಸೂಪರ್‌ಚಾರ್ಜರಿಗೆ ಕೊಟ್ಟ ಲಕ್ಷಗಳು ಅದರಲ್ಲಿ ಕೂತಿವೆ ಎಂದುಕೊಳ್ಳಬೇಡಿ. ಕೊಂಡ 14 ದಿನದೊಳಗೆ ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸಿ. ಮಾರುವವರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಮನುಷ್ಯನದು, ಗಾಡಿಯದಲ್ಲ.

ಪೊವಾಯಿಯ ಬೇಸ್‌ಮೆಂಟಿನಲ್ಲಿ

ಹುಡುಗನ ಕಾಟ ತಡೆಯಲಾರದೆ, ಆ ಸೂಪರ್‌ಚಾರ್ಜರ್ ಮಸ್ಟಾಂಗ್ ನಿಂತಿದ್ದ ಮುಂಬೈಯ ಪೊವಾಯಿಗೆ ಹೋದೆ. ಎರಡನೇ ಬೇಸ್‌ಮೆಂಟು, ಬಿಳಿ ಟ್ಯೂಬ್‌ಲೈಟು, ಕವರು ಎಳೆದರೆ ಕೆಂಪು ಕಾರು. ಚೆಂದ ಇತ್ತು, ಸುಳ್ಳು ಹೇಳಬಾರದು. ನಾನು ಬಾನೆಟ್ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ನಾವು ಬರುವ ಮೊದಲೇ ಯಾರೋ ಸ್ಟಾರ್ಟ್ ಮಾಡಿ ಆರಿಸಿದ್ದರು. ತಣ್ಣಗಿನ ಇಂಜಿನ್ ಮೊದಲ ಅರ್ಧ ನಿಮಿಷದಲ್ಲಿ ಹೊಗೆ, ಕಟಕಟ ಎಲ್ಲ ಬಾಯಿಬಿಟ್ಟು ಹೇಳುತ್ತದೆ. ಬಿಸಿ ಇಂಜಿನ್ ಸಭ್ಯವಾಗಿ ಸುಮ್ಮನಿರುತ್ತದೆ.

ಮುಂದಿನ ಟೈರು 2017ರದೇ. ಹಿಂದಿನ ಎರಡು 2021ರ ಕೊನೆಯವು. ಯೋಚಿಸಿ: ಬರೇ ಹನ್ನೊಂದು ಸಾವಿರ ಓಡಿದ ಕಾರಿನ ಹಿಂದಿನ ಟೈರು ಯಾಕೆ ಬದಲಾಗಬೇಕು, ಅದೂ ಹಿಂದಿನದು ಮಾತ್ರ? ಹಿಂದಿನ ಚಕ್ರಕ್ಕೆ ಬಲ ಹೋಗುವ ಗಾಡಿ ಇದು. ಒಂದೋ ಮೀಟರು ಸುಳ್ಳು, ಇಲ್ಲವೇ ನಿಂತಲ್ಲೇ ಚಕ್ರ ಸುಡುವ ಆಟ ಆಡಿದ್ದಾರೆ. ಎರಡರಲ್ಲಿ ಯಾವುದೂ ನನಗೆ ಬೇಡ.

ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿದೆ. ನೀರಿನಲ್ಲಿ ನಿಂತ ಕಾರಿನ ಕಾರ್ಪೆಟು ತೊಳೆಯುತ್ತಾರೆ, ಬೆಲ್ಟಿನ ಒಳಸುರುಳಿ ತೊಳೆಯಲು ಮರೆಯುತ್ತಾರೆ. ಅಲ್ಲಿ ಮಣ್ಣಿನ ಗೆರೆ ಉಳಿದಿರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಮೇಲೆ ತಿಂಗಳುಗಟ್ಟಲೆ ಅಂಥ ಬೆಲ್ಟುಗಳನ್ನೇ ಎಳೆದಿದ್ದೇನೆ. ಇದು ಸ್ವಚ್ಛವಾಗಿತ್ತು. ಒಂದು ಒಳ್ಳೆಯ ಅಂಕ.

ಮಾಲೀಕರು ಸ್ಟಾರ್ಟ್ ಮಾಡಿದರು. ಅಕ್ಕಪಕ್ಕದ ಎರಡು ಕಾರುಗಳ ಅಲಾರಂ ಕಿರುಚಿಕೊಂಡಿತು. ವಾಚ್‌ಮನ್ ಓಡಿಬಂದು, ಇವರೇ ಎಂದು ಕಂಡು, ಸಪ್ಪೆ ಮುಖ ಮಾಡಿಕೊಂಡು ವಾಪಸು ಹೋದ. "ಹಳೇ ಸಾಮಾನು?" ಎಂದೆ. "ಗ್ಯಾರೇಜಿನಲ್ಲಿದೆ" ಎಂದರು. ಗ್ಯಾರೇಜಿಗೆ ಫೋನು ಹಚ್ಚಿಸಿದೆ. ಅದನ್ನು ಎರಡು ವರ್ಷದ ಹಿಂದೆಯೇ ಮಾರಿಬಿಟ್ಟಿದ್ದರು.

ಹಾಗಾದರೆ ಈ ಕಾರು ಯಾರಿಗೂ ಬೇಡವೇ? ಹಾಗೇನಿಲ್ಲ. ಮನೆಯಲ್ಲಿ ದಿನಬಳಕೆಗೆ ಬೇರೆ ಕಾರಿದೆ, ಸ್ವಂತ ಗ್ಯಾರೇಜಿನ ನಂಟಿದೆ, ಬದಲಾವಣೆಗೆಲ್ಲ ಬಿಲ್ಲು ಇದೆ, ಕೊಂಡ ಮೇಲೂ ಹತ್ತು ಲಕ್ಷ ಪಕ್ಕಕ್ಕೆ ಇಡಬಲ್ಲೆ ಎನ್ನುವವರು ಇಂಥದ್ದನ್ನು ನೋಡಬಹುದು. ಆದರೆ ಇದೇ ಕಾರನ್ನಲ್ಲ. ಹಳೇ ಸಾಮಾನಿನ ಡಬ್ಬಿ ಇರುವ ಇಂಥದ್ದೇ ಇನ್ನೊಂದನ್ನು. ಮಾತಿಗೆ ಕೂತರೆ ಸೂಪರ್‌ಚಾರ್ಜರಿಗೆ ಅವರು ಸುರಿದ ದುಡ್ಡನ್ನು ಬೆಲೆಗೆ ಸೇರಿಸಿಕೊಡಬೇಡಿ. ಏನೂ ಬದಲಿಸದ ಸ್ಟಾಕ್ ಕಾರಿನ ಬೆಲೆಗಿಂತ ಕೆಳಗಿನಿಂದ ಶುರುಮಾಡಿ.

ಪಿಂಪ್ರಿಯ ಸ್ಟಾಕ್ ಮಸ್ಟಾಂಗ್

ಇದಕ್ಕೆ ಕೇಳಿದ್ದು 46 ಲಕ್ಷ. ಮಸ್ಟಾಂಗ್ ನಮ್ಮಲ್ಲಿಗೆ ಬಂದದ್ದು 2016ರ ಜುಲೈನಲ್ಲಿ, ಸುಮಾರು 65 ಲಕ್ಷಕ್ಕೆ, ಪೂರ್ತಿ ಕಟ್ಟಿದ ಕಾರಾಗಿ ಅಮೆರಿಕದಿಂದ. ಐದು ಲೀಟರಿನ, ಎಂಟು ಸಿಲಿಂಡರಿನ ವಿ8 ಇಂಜಿನ್, ಸುಮಾರು 400 ಅಶ್ವಶಕ್ತಿ, 515 ನ್ಯೂಟನ್ ಮೀಟರ್, ಆರು ಗೇರಿನ ಆಟೋಮ್ಯಾಟಿಕ್, ಸ್ಟೀರಿಂಗು ಬಲಕ್ಕೆ. ಅಷ್ಟು ಸಾಲದೇ ಎಂದು ನನ್ನ ಪ್ರಶ್ನೆ. ಅಟಲ್ ಸೇತುವಿನಲ್ಲೂ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯ ಸಪಾಟು ರಸ್ತೆಯಲ್ಲೂ ಮಿತಿ ಗಂಟೆಗೆ 100, ಕೋಸ್ಟಲ್ ರೋಡಿನಲ್ಲಿ 80, ಎಲ್ಲೆಡೆ ಕ್ಯಾಮೆರಾ. ಸೂಪರ್‌ಚಾರ್ಜರ್ ಹಾಕಿ 650 ಅಶ್ವಶಕ್ತಿ ಕಟ್ಟಿಕೊಂಡು ಕೋಥ್ರುಡ್‌ನ ಸಿಗ್ನಲಿನಲ್ಲಿ ರಿಕ್ಷಾದ ಹಿಂದೆ ನಿಲ್ಲುವುದೇ ಆದರೆ 400ರಲ್ಲೂ ನಿಲ್ಲಬಹುದು.

34 ಸಾವಿರ ಎಂದು ಹುಡುಗ ಮೂಗು ಮುರಿದ. ಈ ಇಂಜಿನ್ನಿಗೆ ಅದು ಬೆಳಗಿನ ತಿಂಡಿ. ನಾನು ನೋಡುವುದು ಪ್ರತಿ ವರ್ಷ ಆಯಿಲು ಬದಲಿಸಿದ ಬಿಲ್ಲನ್ನು. ಚಾಸಿ ನಂಬರಿನ 17 ಅಕ್ಷರಗಳಲ್ಲಿ ಹತ್ತನೆಯದು ಮಾಡೆಲ್ ವರ್ಷ: ಜಿ ಇದ್ದರೆ 2016, ಎಚ್ ಇದ್ದರೆ 2017, ಜೆ ಇದ್ದರೆ 2018. ಆರ್‌ಸಿಗೂ ಅದಕ್ಕೂ ಬಹಳ ಅಂತರ ಇದ್ದರೆ ಕಾರು ಮಾರಾಟವಾಗದೆ ಎಲ್ಲೋ ಕೂತಿತ್ತು ಎಂದರ್ಥ.

ಕುಂದು ಇದಕ್ಕೂ ಇದೆ. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಹೇಳಿತು. ಸರ್ವೀಸು ಸಿಗುತ್ತದೆ, ಆದರೆ ಈ ಕಾರಿನ ಬಂಪರು, ಹೆಡ್‌ಲೈಟು ಬೇಕೆಂದರೆ ತರಿಸಬೇಕು, ಕಾಯಬೇಕು. ಪೇಟೆಯಲ್ಲಿ ಲೀಟರಿಗೆ ನಾಲ್ಕೈದು ಕಿಲೋಮೀಟರು. ಮುಂಬೈಯಲ್ಲಿ ಪೆಟ್ರೋಲು ನೂರು ರೂಪಾಯಿ ದಾಟಿದೆ, ತಿಂಗಳಿಗೆ 500 ಕಿಲೋಮೀಟರು ಓಡಿಸಿದರೆ ಹತ್ತರಿಂದ ಹದಿಮೂರು ಸಾವಿರ ಅಲ್ಲೇ ಆಯಿತು. ಸೂಪರ್‌ಚಾರ್ಜರಿನ ಕಾರಿಗೆ 100 ಆಕ್ಟೇನ್ ಪೆಟ್ರೋಲು ಹಾಕಬೇಕೆಂದು ಟ್ಯೂನು ಮಾಡಿದವರು ಹೇಳಿದ್ದರೆ ಇನ್ನೂ ಒಂದೂವರೆ ಪಟ್ಟು. ಎರಡು ಬಾಗಿಲು, ಹಿಂದಿನ ಸೀಟು ಹೆಸರಿಗೆ ಮಾತ್ರ. ಮಂಡಿನೋವಿನ ನಮ್ಮಕ್ಕ ಅದರಲ್ಲಿ ಕೂರುವುದಿರಲಿ, ಮುಂದಿನ ಸೀಟಿನಿಂದ ಏಳಲೂ ಇಬ್ಬರು ಬೇಕು.

ಉಳಿದವು

ಠಾಣೆಯ ಎಂ340ಐಗೆ 54 ಲಕ್ಷ. ಇದು ಮಸ್ಟಾಂಗಿನಂಥ ದೊಡ್ಡ ಇಂಜಿನ್ನಿನ ಅಮೆರಿಕನ್ ಮಸಲ್ ಕಾರಲ್ಲ, ಆರು ಸಿಲಿಂಡರಿನ ಟರ್ಬೊ ಸೆಡಾನ್. 2021ರ ಮಾರ್ಚ್‌ನಲ್ಲಿ 62.90 ಲಕ್ಷಕ್ಕೆ ಬಂತು. ಜೋಡಣೆ ಚೆನ್ನೈಯಲ್ಲಿ, ಹಾಗಾಗಿ ಸಾಮಾನು ಸರ್ವೀಸಿನ ತಲೆನೋವು ಕಡಿಮೆ. 387 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಬಲ, ನಿಂತಲ್ಲಿಂದ 100ಕ್ಕೆ 4.4 ಸೆಕೆಂಡು. ಸ್ಟಾಕ್ ಮಸ್ಟಾಂಗನ್ನು ಸದ್ದಿಲ್ಲದೆ ಹಿಂದೆ ಹಾಕುತ್ತದೆ. ಮಳೆಗಾಲದ ಘಾಟಿನಲ್ಲಿ ನಾನಾದರೆ ಇದನ್ನೇ ಆರಿಸುತ್ತೇನೆ. ಒಂದೇ ಕಾರು ಇಡಬಲ್ಲ ಮನೆಗೆ, ಅವ್ವನನ್ನೂ ಕೂರಿಸಬೇಕು ಆಫೀಸಿಗೂ ಹೋಗಬೇಕು ಎನ್ನುವವನಿಗೆ, ಇದರ ಮುಂದೆ ಬೇರೆ ಮಾತಿಲ್ಲ. ಆದರೆ ವಾರಂಟಿ ಮುಗಿದ ಮೇಲೆ ಬರುವ ಬಿಲ್ಲು ಜರ್ಮನ್ ಬಿಲ್ಲೇ. ಮತ್ತೆ, ಹುಡುಗನಿಗೆ ಬೇಕಾದದ್ದು ವೇಗವೋ ವಿ8ರ ಗುಡುಗೋ? ಗುಡುಗು ಇಲ್ಲಿ ಸಿಗದು.

ಆಕ್ಟೇವಿಯಾ ಆರ್‌ಎಸ್ 245 ಬಜೆಟ್ಟಿನವರ ದಾರಿ. 2020ರಲ್ಲಿ 36 ಲಕ್ಷದ ಆಸುಪಾಸಿಗೆ 200 ಕಾರು ಮಾತ್ರ ಬಂದವು, ಹಾಗಾಗಿ ಬೆಲೆ ಗಟ್ಟಿಯಾಗಿ ನಿಂತಿದೆ; ಇದಕ್ಕೆ 28 ಲಕ್ಷ ಕೇಳಿದ್ದರು. ಡಿಕ್ಕಿಯಲ್ಲಿ ಊರಿಗೆ ಹೋಗುವ ಸಾಮಾನೆಲ್ಲ ಹಿಡಿಸುತ್ತದೆ. ಬಹಳ ಜನ ರೀಮ್ಯಾಪ್, ಅಂದರೆ ಇಂಜಿನ್ ಕಂಪ್ಯೂಟರಿನ ಟ್ಯೂನು, ಮಾಡಿಸಿರುತ್ತಾರೆ, ಅದಷ್ಟೇ ಆದರೆ ಹಿಂದಕ್ಕೆ ಹಾಕಿಸಬಹುದು. ಗೇರ್‌ಬಾಕ್ಸನ್ನು ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಓಡಿಸಿ ನೋಡದೆ ಮುಂಗಡ ಕೊಡಬೇಡಿ. 30 ಲಕ್ಷದೊಳಗಿನವರು ಮಸ್ಟಾಂಗಿಗಾಗಿ ಸಾಲ ಎತ್ತುವ ಬದಲು ಇದನ್ನು ನೋಡಲಿ.

ಗೋವಾದ ಚಾಲೆಂಜರ್ ಬಗ್ಗೆ ಎರಡೇ ಮಾತು. ಸ್ಟೀರಿಂಗು ಎಡಕ್ಕೆ, ಕಾಗದ ಕೇಳಿದರೆ "ಕಾರ್ನೆ ಮೇಲೆ ಬಂದದ್ದು" ಎಂಬ ಉತ್ತರ. ಕಾರ್ನೆ ಎಂದರೆ ಪ್ರವಾಸಕ್ಕೆ ತಂದು ವಾಪಸು ಒಯ್ಯುತ್ತೇನೆಂಬ ಕರಾರು. ಅಂಥ ಕಾರು ಇಲ್ಲಿ ಮಾರುವಂತಿಲ್ಲ. 2025ರಲ್ಲಿ ಭೂತಾನ್ ಮೂಲಕ ಬಂದ ದುಬಾರಿ ಗಾಡಿಗಳನ್ನು ಕೇರಳದಲ್ಲಿ ಕಸ್ಟಮ್ಸ್‌ನವರು ಎಳೆದುಕೊಂಡು ಹೋದಾಗ ಕೊಂಡವರ ಕೈಯಲ್ಲಿ ಉಳಿದದ್ದು ಕೀಲಿಕೈ.

ಹಾಗೆಂದು ಗೋವಾದ ಕಾರೆಲ್ಲ ಕೆಟ್ಟದ್ದಲ್ಲ. ಜಿಎ ನಂಬರಿನ ನೆಟ್ಟಗಿನ ಕಾರು ಸಿಕ್ಕರೆ ಎನ್‌ಒಸಿ ತಂದು ಮಹಾರಾಷ್ಟ್ರದಲ್ಲಿ ಮತ್ತೆ ರಿಜಿಸ್ಟರ್ ಮಾಡಿಸಬಹುದು. ತೆರಿಗೆ ಇಲ್ಲಿ ಮತ್ತೆ ಕಟ್ಟಬೇಕು, ಅಲ್ಲಿ ಕಟ್ಟಿದ್ದರಲ್ಲಿ ಉಳಿದದ್ದನ್ನು ವಾಪಸು ಕೇಳಬೇಕು. ಬೇರೆ ರಾಜ್ಯದ ನಂಬರಿನಲ್ಲಿ 12 ತಿಂಗಳಿಗಿಂತ ಹೆಚ್ಚು ಇಡುವಂತಿಲ್ಲ. ಮುಂದೆ ಬೆಳಗಾವಿಗೋ ಬೆಂಗಳೂರಿಗೋ ವರ್ಗವಾಗುವ ಸಾಧ್ಯತೆ ಇದ್ದರೆ ಇದೇ ಕಸರತ್ತು ಅಲ್ಲಿಯೂ ಕಾದಿದೆ, ಕರ್ನಾಟಕದ ತೆರಿಗೆಯೂ ಕಡಿಮೆಯದಲ್ಲ. ಯಾವ ಕಾರಾದರೂ ಹೆಸರು ಬದಲಿಸುವ ಫಾರ್ಮ್ 29, 30ಕ್ಕೆ ಸಹಿ ಹಾಕುವ ಮೊದಲು ಬಾಕಿ ಇ-ಚಲನ್, ಬ್ಯಾಂಕಿನ ಸಾಲ ತೀರಿದ್ದಕ್ಕೆ ಫಾರ್ಮ್ 35, ಎಚ್‌ಎಸ್‌ಆರ್‌ಪಿ ಪ್ಲೇಟು ನೋಡಿ. ವೇಗದ ಕಾರಿನ ಇ-ಚಲನ್ ಪಟ್ಟಿ ಕೆಲವೊಮ್ಮೆ ಮಾಲೀಕನ ಆತ್ಮಕಥೆಯ ಹಾಗಿರುತ್ತದೆ.

ಹುಡುಗನಿಗೆ ಇಷ್ಟನ್ನೂ ಹೇಳಿದೆ. ಅವನ ಹತ್ತಿರ ಆಫೀಸಿಗೆ ಹೋಗಲು ಸಣ್ಣ ಕಾರು ಇದೆ, ಅವ್ವನನ್ನು ದವಾಖಾನೆಗೆ ಒಯ್ಯಲು ಅದೇ ಸಾಕು. ಬೇಕಾದದ್ದು ಗುಡುಗೇ ಎಂದು ಒಪ್ಪಿಕೊಂಡ. ಹಾಗಿದ್ದರೆ ಪಿಂಪ್ರಿಗೆ ಹೋಗು, 46 ಲಕ್ಷ ಪೂರ್ತಿ ಕೊಡಬೇಡ, ನಾಲ್ಕು ಟೈರಿನ ದುಡ್ಡು ಇಳಿಸು, ಮೂರು ಲಕ್ಷ ರಿಪೇರಿಗೆಂದು ಬೇರೆ ಇಡು ಎಂದೆ. ಇನ್ನೊಂದು: ಬೆಳಿಗ್ಗೆ ಆರೂವರೆಗೆ ಹೋಗು, "ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಎಂದು ಮಾರುವವರಿಗೆ ಮೊದಲೇ ಹೇಳು.

ಮರುದಿನ ಚಹಾ ಕುದಿಯುತ್ತಿದ್ದಾಗ ಫೋನು ಬಂತು.

"ಮಾಮಾ, ಬಾನೆಟ್ ತಣ್ಣಗೈತಿ."

"ಹಂಗಾರ ಈಗ ಹಚ್ಚಾಕ ಹೇಳು. ಫೋನು ಸೈಲೆನ್ಸರ್ ಕಡೆ ಹಿಡಿ."

ಸ್ಪೀಕರ್ ಹಾಕಿ ಒಲೆಯ ಪಕ್ಕ ಇಟ್ಟೆ. ಒಂದು ಕೆಮ್ಮು, ಆಮೇಲೆ ಗುಡುಗು, ಹತ್ತು ಸೆಕೆಂಡಿನಲ್ಲಿ ಒಂದೇ ಸಮನೆ ಇಳಿದು ನಿಂತ ಗುರುಗುರು. ಕಟಕಟ ಇರಲಿಲ್ಲ. ಹೊಗೆ ಇದೆಯೇ ಎಂದು ಕೇಳುವಷ್ಟರಲ್ಲಿ ಒಳಗಿನಿಂದ ಹೆಂಡತಿಯ ದನಿ: "ಏನ್ರೀ ಅದು, ಮುಂಜಾನೆ ಮುಂಜಾನೆ ಮಿಕ್ಸರ್ ಕೆಡಿಸಿದ್ರೇನು?"